ಆಟವೂ ಕೂಟವೂ: ಪುತ್ತೂರು, ಸುಳ್ಯ, ಕಡಬದ ರಂಗಸ್ಥಳಗಳು

ಕರಾವಳಿಯ ಮಾತಿನಲ್ಲಿ ‘ಆಟ’ ಎಂದರೆ ಯಕ್ಷಗಾನ ಬಯಲಾಟ. ‘ಕೂಟ’ ಎಂದರೆ ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತಲ್ಲಿಯೇ ಅರ್ಥ ಹೇಳುತ್ತ ಕಥೆಯನ್ನು ಬೆಳೆಸುವ ತಾಳಮದ್ದಳೆ. ನಮ್ಮ ಹಿರಿಯರು ಈ ಎರಡನ್ನೂ ಜೋಡಿಸಿ ‘ಆಟಕೂಟ’ ಎಂದರು. ಆಡುವವನಿಗೆ ಅದು ಆಟ. ನೋಡುವವನಿಗೆ ಅದು ಕೂಟ, ಎಂದರೆ ನೆರೆಹೊರೆಯವರೊಡನೆ ಕೂಡಿ ಕುಳಿತುಕೊಳ್ಳುವ ಒಂದು ಸಂದರ್ಭ. ರಂಗಭೂಮಿಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಆಡಿದವರ ಹೆಸರನ್ನೂ ಆಡಿದ ಪ್ರಸಂಗವನ್ನೂ ದಾಖಲಿಸುತ್ತಾರೆ. ಎಲ್ಲಿ ಆಡಿದರು, ಅಲ್ಲಿ ಯಾರ ಪಕ್ಕದಲ್ಲಿ ಯಾರು ಕುಳಿತಿದ್ದರು ಎಂಬುದು ಮರೆತುಹೋಗುತ್ತದೆ. ಪುತ್ತೂರು, ಸುಳ್ಯ ಮತ್ತು ಕಡಬದಂಥ ಬಹುಭಾಷೆಯ, ಬಹುಮತಗಳ ನಾಡಿನಲ್ಲಿ ಈ ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯವೆಂದು ತೋರುತ್ತದೆ.

ಬೆಂಗಳೂರಿನಲ್ಲಿ ರವೀಂದ್ರ ಕಲಾಕ್ಷೇತ್ರವಿದೆ, ಮಂಗಳೂರಿನಲ್ಲಿ ಪುರಭವನವಿದೆ, ಡಾನ್ ಬೋಸ್ಕೊ ಸಭಾಂಗಣವಿದೆ. ನಮ್ಮ ಮೂರು ತಾಲೂಕುಗಳಲ್ಲಿ ಬಹುಕಾಲ ಅಂಥ ಕಟ್ಟಡಗಳು ಇರಲಿಲ್ಲ. ಆದರೂ ಇಲ್ಲಿ ಆಟವಿಲ್ಲದ ಊರಿರಲಿಲ್ಲ. ಗದ್ದೆ, ದೇವಾಲಯದ ಅಂಗಳ, ಗುತ್ತಿನ ಮನೆಯ ಚಾವಡಿ, ಶಾಲೆಯ ಮೈದಾನ, ಇಗರ್ಜಿಯ ವಠಾರ, ಟಿಕೆಟಿನ ಡೇರೆ, ಕೊನೆಗೆ ಒಬ್ಬ ಕಲಾವಿದನ ವಾಸದ ಮನೆ, ಇವೆಲ್ಲವೂ ಒಂದೊಂದು ಕಾಲಕ್ಕೆ ರಂಗಮಂದಿರಗಳಾದವು. ಸ್ಥಳ ಬದಲಾದಾಗಲೆಲ್ಲ ಕೂಟದ ಸ್ವರೂಪವೂ ಬದಲಾಯಿತು.

ಕೊಯ್ಲಿನ ನಂತರದ ಗದ್ದೆ

ಬಯಲಾಟದ ಪಂಚಾಂಗವನ್ನು ಬರೆದದ್ದು ಮಳೆ ಮತ್ತು ಬೇಸಾಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಬುಡದ ಈ ಊರುಗಳಲ್ಲಿ ಬಯಲಿನಲ್ಲಿ ರಾತ್ರಿ ಕಳೆಯುವುದು ಸಾಧ್ಯವಿಲ್ಲ. ಏಣೆಲು ಬೆಳೆ ಕೊಯ್ಲಾಗಿ, ದೀಪಾವಳಿ ಕಳೆದು, ಗದ್ದೆಯ ನೆಲ ಗಟ್ಟಿಯಾದ ಮೇಲೆ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಬೇಶ ತಿಂಗಳ ಹತ್ತನೆಯ ದಿನ, ಎಂದರೆ ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ಪತ್ತನಾಜೆಯಂದು ಕಲಾವಿದರು ಗೆಜ್ಜೆ ಬಿಚ್ಚುತ್ತಾರೆ. ಈ ಆರು ತಿಂಗಳು ಆಟದ ಕಾಲ. ಉಳಿದದ್ದು ಕೂಟದ ಕಾಲ. ಮಳೆಗಾಲದಲ್ಲಿ ಚಾವಡಿಗಳಲ್ಲಿಯೂ ಜಗಲಿಗಳಲ್ಲಿಯೂ ತಾಳಮದ್ದಳೆ ನಡೆಯುತ್ತಿತ್ತು.

ಗದ್ದೆಯಲ್ಲಿ ರಂಗಸ್ಥಳ ಕಟ್ಟುವುದು ಬಲು ಸರಳವಾದ ಕೆಲಸ. ನಾಲ್ಕು ಮೂಲೆಗಳಿಗೆ ನಾಲ್ಕು ಕಂಬ, ಮಾವಿನೆಲೆಯ ತೋರಣ, ಹಿಂದೆ ಭಾಗವತರಿಗೂ ಚೆಂಡೆ ಮದ್ದಳೆಯವರಿಗೂ ಒಂದು ಆಸನ. ಸ್ವಲ್ಪ ದೂರದಲ್ಲಿ ವೇಷ ಕಟ್ಟಿಕೊಳ್ಳುವ ಚೌಕಿ. ಹಿಂದಿನ ದಿನಗಳಲ್ಲಿ ಎಣ್ಣೆಯ ದೀಪ ಮತ್ತು ದೊಂದಿ, ಅನಂತರ ಗ್ಯಾಸ್‌ಲೈಟು, ಆ ಮೇಲೆ ವಿದ್ಯುತ್ತು. ಆಟವಿದೆ ಎಂದು ಸಾರಲು ಕರಪತ್ರ ಬೇಕಿರಲಿಲ್ಲ. ಸಂಜೆ ಚೆಂಡೆಯಲ್ಲಿ ‘ಕೇಳಿ’ ಬಾರಿಸಿದರೆ ಆ ಧ್ವನಿ ಗುಡ್ಡಗಳನ್ನು ದಾಟಿ ಹೋಗುತ್ತಿತ್ತು. ಜನರು ಸೂಟೆ ಹಿಡಿದು, ಚಾಪೆ ಸುತ್ತಿಕೊಂಡು, ಮಕ್ಕಳನ್ನು ಹೆಗಲಿಗೇರಿಸಿಕೊಂಡು ಬರುತ್ತಿದ್ದರು. ಕೋಡಂಗಿಯಿಂದ ಆರಂಭವಾಗಿ ಬೆಳಗಿನ ಮಂಗಳದವರೆಗೆ ಇಡೀ ರಾತ್ರಿ ನಡೆಯುತ್ತಿದ್ದ ಆಟವದು.

ಈ ರಂಗಸ್ಥಳವು ನಮ್ಮ ನಾಡಿಗೆ ಮಾಡಿದ ಒಂದು ಉಪಕಾರವನ್ನು ಎಂದೂ ಮರೆಯಬಾರದು. ಮನೆಯಲ್ಲಿ ತುಳು, ಅರೆಭಾಷೆ, ಹವಿಗನ್ನಡ, ಕೊಂಕಣಿ, ಬ್ಯಾರಿ ಅಥವಾ ಮಲಯಾಳ ಮಾತಾಡುವ, ಶಾಲೆಯ ಮೆಟ್ಟಿಲು ಹತ್ತದ ಸಾವಿರಾರು ಜನರು ಗ್ರಂಥದ ಕನ್ನಡವನ್ನು ಕೇಳಿ ಕಲಿತದ್ದು ಇಲ್ಲಿಯೇ. ಧರ್ಮ ಯಾವುದು, ಕೊಟ್ಟ ಮಾತಿಗೆ ಬೆಲೆಯೆಷ್ಟು, ಕರ್ಣನಿಗಾದದ್ದು ನ್ಯಾಯವೇ ಎಂದು ಮರುದಿನ ತೋಟದಲ್ಲಿ ಚರ್ಚಿಸಿದ್ದೂ ಇದೇ ಭಾಷೆಯ ಬಲದಿಂದ. ರಾಜ ದಾವೀದನಿಗೆ ಪ್ರವಾದಿ ನಾತಾನನು ಬಡವನ ಕುರಿಮರಿಯ ಕಥೆಯನ್ನು ಹೇಳಿದಾಗ, ದಾವೀದನು ಕಥೆಯೊಳಗಿನ ಅನ್ಯಾಯಕ್ಕೆ ಸಿಟ್ಟಾದನು. ಆ ಮೇಲೆ ಆ ಕಥೆಯ ಅಪರಾಧಿ ತಾನೇ ಎಂದು ಅವನಿಗೆ ತಿಳಿಯಿತು. ಒಳ್ಳೆಯ ಆಟವು ನೋಡುವವನಲ್ಲಿ ಮಾಡುವ ಕೆಲಸವೂ ಇಂಥದೇ.

ಆದರೆ ಬಯಲು ಎಲ್ಲರಿಗೂ ಸಮಾನವಾಗಿ ತೆರೆದಿತ್ತು ಎಂದರೆ ಅದು ಅರ್ಧ ಸತ್ಯವಷ್ಟೇ. ಆಟ ಆಡಿಸುವವನು ಭೂಮಾಲಿಕ. ಅವನ ಬಂಧುಗಳಿಗೆ ಮುಂದಿನ ಚಾಪೆ. ಒಕ್ಕಲಿನವರು ಅವರ ಹಿಂದೆ. ದಲಿತರು ಇನ್ನೂ ದೂರದಲ್ಲಿ, ಗದ್ದೆಯ ಹುಣಿಯ ಮೇಲೆ. ಯಾವ ಗದ್ದೆಯನ್ನು ತಾವೇ ಉತ್ತು ಕೊಯ್ದಿದ್ದರೋ ಅದೇ ಗದ್ದೆಯಲ್ಲಿ ಅವರಿಗೆ ಕುಳಿತುಕೊಳ್ಳಲು ಸ್ಥಳವಿರಲಿಲ್ಲ. ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ ‘ಚೋಮನ ದುಡಿ’ ಕಾದಂಬರಿಯು ಈ ಪರಿಸರದ್ದೇ ಕಥೆ. ಸ್ವಂತ ಬೇಸಾಯದ ಆಸೆ ಕೈಗೂಡದ ಚೋಮನು ತನ್ನ ದುಃಖವನ್ನೆಲ್ಲ ದುಡಿಯ ಮೇಲೆ ಬಾರಿಸಿ ತೀರಿಸಿಕೊಳ್ಳುತ್ತಾನೆ. ಅವನ ರಂಗಸ್ಥಳ ಅವನ ಗುಡಿಸಲು; ಕೇಳುವವರು ಅವನ ಮಕ್ಕಳು. ಕ್ರೈಸ್ತರಾದರೆ ಭೂಮಿ ಸಿಕ್ಕೀತು ಎಂಬ ಆಸೆಯೂ ಆ ಕಥೆಯೊಳಗೆ ಬರುತ್ತದೆ. ಆದ್ದರಿಂದ ಕ್ರೈಸ್ತರಾದ ನಾವೂ ಅದನ್ನು ಹೊರಗಿನವರಂತೆ ಓದಿ ಮುಗಿಸುವಂತಿಲ್ಲ.

ಡೇರೆಯೊಳಗಿನ ಕುರ್ಚಿ

ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಎರಡು ಬದಲಾವಣೆಗಳು ಒಂದರ ಹಿಂದೊಂದು ಬಂದವು. ಮೊದಲನೆಯದು ಡೇರೆಮೇಳ. ಸುತ್ತಲೂ ಬಟ್ಟೆಯ ಗೋಡೆ ಕಟ್ಟಿ, ಬಾಗಿಲಲ್ಲಿ ಟಿಕೆಟು ಹರಿದು, ನೆಲಕ್ಕೊಂದು ದರ, ಕುರ್ಚಿಗೊಂದು ದರ ನಿಗದಿ ಮಾಡಿದ ವ್ಯವಸ್ಥೆಯಿದು. ದೇವರ ಸೇವೆಯಾಗಿದ್ದ ಆಟವು ವ್ಯಾಪಾರವಾಯಿತೆಂದು ಹಲವರು ಅಂದೇ ಕೊರಗಿದರು. ಆ ಕೊರಗಿಗೆ ಕಾರಣವಿಲ್ಲದಿಲ್ಲ. ಆದರೆ ಟಿಕೆಟು ಜಾತಿಯನ್ನು ಕೇಳುವುದಿಲ್ಲ. ಹಣ ಕೊಟ್ಟವನು ಕುರ್ಚಿಯಲ್ಲಿ ಕುಳಿತನು. ಗದ್ದೆಯಲ್ಲಿ ಹುಣಿಯ ಮೇಲೆ ನಿಂತಿದ್ದವನ ಮಗನು ಡೇರೆಯೊಳಗೆ ಧನಿಗಳ ಮಗನ ಪಕ್ಕದಲ್ಲಿ ಕುಳಿತುಕೊಳ್ಳುವಂತಾಯಿತು. ತುಳುನಾಡಿನ ವೀರರ ಕಥೆಗಳು ಪ್ರಸಂಗಗಳಾಗಿ ತುಳುವಿನಲ್ಲಿಯೇ ಜನಪ್ರಿಯವಾದದ್ದೂ ಡೇರೆಮೇಳಗಳ ಕಾಲದಲ್ಲಿ. ಕೋಟಿ ಚೆನ್ನಯರ ಕಥೆಗೆ ಇಲ್ಲಿ ವಿಶೇಷ ಆದರವಿದ್ದುದು ಸಹಜ. ಪುತ್ತೂರಿನ ಬಳಿಯ ಪಡುಮಲೆಯೂ ಸುಳ್ಯದ ಕಡೆಯ ಎಣ್ಮೂರೂ ಆ ವೀರರ ನೆಲವೇ ಆಗಿವೆ.

ಎರಡನೆಯ ಬದಲಾವಣೆ ಭೂಮಿಯದು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಗೇಣಿದಾರನನ್ನು ಒಡೆಯನನ್ನಾಗಿಸಿತು. ಗುತ್ತಿನ ಮನೆಗಳ ಆಶ್ರಯ ಕುಗ್ಗಿತು. ಸಾಮಾನ್ಯ ಕುಟುಂಬಗಳೂ ಯುವಕ ಮಂಡಲಗಳೂ ಆಟ ಆಡಿಸುವ ಜವಾಬ್ದಾರಿಯನ್ನು ಹೊತ್ತವು. ಇದೇ ಕಾಲದಲ್ಲಿ ಗದ್ದೆಗಳೂ ಕಡಿಮೆಯಾಗತೊಡಗಿದವು. ಭತ್ತಕ್ಕಿಂತ ಅಡಕೆ ಲಾಭದಾಯಕವಾಯಿತು. 1973ರಲ್ಲಿ ಕ್ಯಾಂಪ್ಕೊ ಸ್ಥಾಪನೆಯಾದ ಮೇಲೆ ಬೆಳೆಗಾರನಿಗೆ ಮಾರುಕಟ್ಟೆಯ ಆಸರೆ ಸಿಕ್ಕಿತು. ಗುಡ್ಡಗಳಿಗೆ ರಬ್ಬರ್ ಬಂತು. ಗದ್ದೆ ತೋಟವಾದರೆ ಅಲ್ಲಿ ಚಾಪೆ ಹಾಸಲು ಜಾಗವಿಲ್ಲ. ಹೀಗೆ ಆಟವು ಶಾಲೆಯ ಮೈದಾನಕ್ಕೂ ದೇವಾಲಯದ ಅಂಗಳಕ್ಕೂ ಸರಿಯಿತು. ರಂಗಭೂಮಿಯ ಇತಿಹಾಸವನ್ನು ಬೆಳೆಯ ಇತಿಹಾಸದಿಂದ ಬೇರ್ಪಡಿಸಲು ಸಾಧ್ಯವಿಲ್ಲ ಎಂಬುದಕ್ಕೆ ನಮ್ಮ ತಾಲೂಕುಗಳೇ ಸಾಕ್ಷಿ. ಪುತ್ತೂರಿನ ಮಹಾಲಿಂಗೇಶ್ವರ ದೇವಾಲಯದ ಎದುರಿನ ದೇವರಮಾರು ಗದ್ದೆ ಇಂದಿಗೂ ಬಯಲಾಗಿಯೇ ಉಳಿದಿರುವುದು ಈ ದೃಷ್ಟಿಯಿಂದ ಒಂದು ವಿಶೇಷವೇ ಸರಿ. ಏಪ್ರಿಲ್ ತಿಂಗಳ ಜಾತ್ರೆಗೂ ಕಂಬಳಕ್ಕೂ ಅಲ್ಲಿ ಸೇರುವ ಜನಸ್ತೋಮವನ್ನು ಯಾವ ಸಭಾಭವನವೂ ಹಿಡಿಸಲಾರದು.

ಬಾಲವನದ ನಾಟಕಶಾಲೆ

ಪುತ್ತೂರಿನ ರಂಗಚರಿತ್ರೆಯಲ್ಲಿ ಪರ್ಲಡ್ಕದ ಬಾಲವನಕ್ಕೆ ಪ್ರತ್ಯೇಕ ಸ್ಥಾನವಿದೆ. ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು ತಮ್ಮ ಬಾಳಿನ ಸುಮಾರು ನಾಲ್ಕು ದಶಕಗಳನ್ನು ಪುತ್ತೂರಿನಲ್ಲಿ ಕಳೆದರು. ಮಕ್ಕಳು ಪುಸ್ತಕಕ್ಕಿಂತ ಮೊದಲು ಮರ, ಹಕ್ಕಿ, ಹಾಡು, ಕುಣಿತಗಳಿಂದ ಕಲಿಯಬೇಕೆಂಬುದು ಅವರ ನಂಬಿಕೆ. ಆ ನಂಬಿಕೆಯಿಂದಲೇ ಬಾಲವನದಲ್ಲಿ ಮಕ್ಕಳಿಗಾಗಿ ಒಂದು ನಾಟಕಶಾಲೆಯನ್ನು ಕಟ್ಟಿಸಿದರು. ಗೀತನಾಟಕ, ಛಾಯಾನಾಟಕ, ನೃತ್ಯರೂಪಕ ಎಂದು ಅವರು ಮಾಡದ ಪ್ರಯೋಗವಿಲ್ಲ. ‘ಮುಕ್ತದ್ವಾರ’, ‘ಕಿಸಾಗೌತಮಿ’ ಮೊದಲಾದ ಗೀತನಾಟಕಗಳು ಅವರ ಈ ತುಡಿತದಿಂದ ಹುಟ್ಟಿದವು. ಯಕ್ಷಗಾನವನ್ನು ಕುರಿತ ಅವರ ಸಂಶೋಧನಾ ಗ್ರಂಥ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ದೊರೆಯಿತು.

ಸಹಕಾರಿ ಚಳವಳಿಯ ಹಿರಿಯರಾದ ಮೊಳಹಳ್ಳಿ ಶಿವರಾಯರ ಬೆಂಬಲದೊಡನೆ ಅಂದಿನ ದಿನಗಳಲ್ಲಿ ಪುತ್ತೂರಿನಲ್ಲಿ ದಸರಾ ನಾಡಹಬ್ಬ ನಡೆಯುತ್ತಿತ್ತು. ಸಾಹಿತಿಗಳ ಭಾಷಣ, ಸಂಗೀತ, ನಾಟಕ ಎಲ್ಲವೂ ಒಂದೇ ಚಪ್ಪರದ ಕೆಳಗೆ. ಮದ್ರಾಸು ಪ್ರಾಂತ್ಯದ ಒಂದು ಮೂಲೆಯಲ್ಲಿದ್ದ ಸಣ್ಣ ಪೇಟೆಯು ತಾನು ಕನ್ನಡ ನಾಡಿನ ಭಾಗವೆಂದು ತಿಳಿದುಕೊಂಡದ್ದು ಇಂಥ ಚಪ್ಪರದ ಕೆಳಗೆ. ಗದ್ದೆಯಲ್ಲಿ ಊರಿನವರು ಕೂಡಿದ್ದರು. ನಾಡಹಬ್ಬದಲ್ಲಿ ಊರು ನಾಡಿನೊಡನೆ ಕೂಡಿತು.

ಧರ್ಮಸಭೆ ಮತ್ತು ರಂಗಭೂಮಿ

ಇಲ್ಲಿ ನಮ್ಮ ಮನೆಯ ಮಾತನ್ನೂ ಸ್ವಲ್ಪ ಆಡಬೇಕು. ಕ್ರೈಸ್ತ ಧರ್ಮಸಭೆಗೂ ರಂಗಭೂಮಿಗೂ ಇರುವ ಸಂಬಂಧ ಸದಾ ಸುಗಮವಾಗಿರಲಿಲ್ಲ. ರೋಮ್ ಸಾಮ್ರಾಜ್ಯದ ಕ್ರೀಡಾಂಗಣಗಳಲ್ಲಿ ಮನುಷ್ಯರ ಸಾವೇ ಮನರಂಜನೆಯಾಗಿತ್ತು; ಅಲ್ಲಿ ಕ್ರೈಸ್ತರೂ ಮೃಗಗಳಿಗೆ ಆಹಾರವಾದರು. ಆದ್ದರಿಂದ ಸುಮಾರು ಕ್ರಿ.ಶ. 200ರ ವೇಳೆಗೆ ತೆರ್ತುಲಿಯನನು ಪ್ರದರ್ಶನಗಳನ್ನು ಖಂಡಿಸಿ ಒಂದು ಗ್ರಂಥವನ್ನೇ ಬರೆದನು. 314ರ ಆರ್ಲ್ಸ್ ಸಭೆಯು ನಟವೃತ್ತಿಯಲ್ಲಿ ಮುಂದುವರಿಯುವವರನ್ನು ಪರಮಪ್ರಸಾದದಿಂದ ದೂರವಿಟ್ಟಿತು. ನಮ್ಮ ನೆರೆಯ ಕೇರಳದಲ್ಲಿ 1599ರಲ್ಲಿ ನಡೆದ ಉದಯಂಪೇರೂರು ಸಭೆಯು ಅನ್ಯಧರ್ಮೀಯರ ಹಬ್ಬದ ಆಟಗಳಲ್ಲಿ ಕ್ರೈಸ್ತರು ಭಾಗವಹಿಸದಂತೆ ತಡೆಯಿತು.

ಆದರೆ ನಿಷೇಧದಿಂದ ಮನುಷ್ಯನ ಹೃದಯವು ಕಥೆಯನ್ನು ಬಿಟ್ಟುಕೊಡುವುದಿಲ್ಲ. ಹತ್ತನೆಯ ಶತಮಾನದಲ್ಲಿ ಯುರೋಪಿನ ಮಠಗಳಲ್ಲಿಯೇ ನಾಟಕವು ಮರುಹುಟ್ಟು ಪಡೆಯಿತು. ಪುನರುತ್ಥಾನದ ಹಬ್ಬದ ಬೆಳಗಿನಲ್ಲಿ ಸನ್ಯಾಸಿಗಳು ದೇವದೂತನಾಗಿಯೂ ಸಮಾಧಿಗೆ ಬಂದ ಸ್ತ್ರೀಯರಾಗಿಯೂ ಪ್ರಶ್ನೋತ್ತರವನ್ನು ಹಾಡಿ ಅಭಿನಯಿಸಿದರು; ಪೀಠದ ಮುಂದಿನ ನೆಲವೇ ಅವರ ರಂಗಸ್ಥಳ. ಜರ್ಮನಿಯ ಒಬೆರಾಮ್ಮರ್ಗಾವ್ ಎಂಬ ಹಳ್ಳಿಯವರು 1633ರಲ್ಲಿ ಪ್ಲೇಗ್ ಮಾರಿಯ ನಡುವೆ ಹೊತ್ತ ಹರಕೆಯಂತೆ 1634ರಿಂದ ಪ್ರಭುವಿನ ಯಾತನೆಯ ನಾಟಕವನ್ನು ಆಡುತ್ತ ಬಂದಿದ್ದಾರೆ. ಹರಕೆಯ ಬಯಲಾಟವನ್ನು ಬಲ್ಲ ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2020ರಲ್ಲಿ ನಡೆಯಬೇಕಾಗಿದ್ದ ಅವರ ನಾಟಕವು ಮತ್ತೊಂದು ಮಾರಿಯ ಕಾರಣದಿಂದಲೇ 2022ಕ್ಕೆ ಮುಂದೂಡಲ್ಪಟ್ಟಿತು.

ಇನ್ನೊಂದು ಉದಾಹರಣೆ ನಮ್ಮ ಕೂಟಕ್ಕೆ ಬಹಳ ಹತ್ತಿರದ್ದು. 1941ರಲ್ಲಿ, ನಾಜಿ ಆಕ್ರಮಣದ ಕೆಳಗಿದ್ದ ಪೋಲೆಂಡಿನ ಕ್ರಾಕೋವ್ ನಗರದಲ್ಲಿ ಕೆಲವು ಯುವಕ ಯುವತಿಯರು ‘ರಾಪ್ಸೋಡಿಕ್ ರಂಗಭೂಮಿ’ ಎಂಬ ತಂಡವನ್ನು ಕಟ್ಟಿದರು. ಪೋಲಿಷ್ ನಾಟಕಗಳಿಗೆ ಅಂದು ನಿಷೇಧವಿತ್ತು. ಅವರು ಗುಟ್ಟಾಗಿ ಮನೆಗಳಲ್ಲಿ ಸೇರಿ, ವೇಷಭೂಷಣಗಳ ಆಡಂಬರವಿಲ್ಲದೆ, ಮಾತಿನ ಬಲವೊಂದರಿಂದಲೇ ತಮ್ಮ ನಾಡಿನ ಕಾವ್ಯಗಳನ್ನು ಅಭಿನಯಿಸಿದರು. ಆ ತಂಡದ ನಟರಲ್ಲೊಬ್ಬ ಯುವಕ ಕರೋಲ್ ವೊಯ್ತಿವಾ. ಮುಂದೆ ಅವರೇ ಎರಡನೆಯ ಜಾನ್ ಪಾಲ್ ಜಗದ್ಗುರುಗಳಾದರು. 1999ರಲ್ಲಿ ಅವರು ಜಗತ್ತಿನ ಕಲಾವಿದರಿಗೆ ಪತ್ರ ಬರೆದಾಗ ಅದು ಹೊರಗಿನವರ ಉಪದೇಶವಾಗಿರಲಿಲ್ಲ. ಮಾತಿನ ರಂಗಭೂಮಿಯಲ್ಲಿ ಪಳಗಿದವರ ಮಾತಾಗಿತ್ತು. ಮಳೆಗಾಲದ ಚಾವಡಿಯಲ್ಲಿ ಅರ್ಥ ಹೇಳುತ್ತಿದ್ದ ನಮ್ಮ ಅರ್ಥಧಾರಿಗಳು ಅವರನ್ನು ಕಂಡಿದ್ದರೆ ತಮ್ಮವರೆಂದೇ ಭಾವಿಸುತ್ತಿದ್ದರು.

ಇಗರ್ಜಿಯ ವಠಾರ

ಪುತ್ತೂರಿನ ಮಾಯ್ ದೆ ದೇವುಸ್ ಧರ್ಮಕೇಂದ್ರವು 1830ರಿಂದ ಇಲ್ಲಿದೆ. ಸುಳ್ಯದಲ್ಲಿ ಸಂತ ಬ್ರಿಜಿಡರ, ಕಡಬದಲ್ಲಿ ಸಂತ ಜೋಕಿಮರ ಧರ್ಮಕೇಂದ್ರಗಳು ಬೆಳೆದವು. ಈ ಕೊಂಕಣಿ ಕುಟುಂಬಗಳು ಗುಮಟೆಯ ಹಾಡನ್ನೂ ಹಬ್ಬದ ನಾಟಕವನ್ನೂ ತಮ್ಮೊಡನೆ ತಂದವು. ಪಾಲಕ ಸಂತರ ವಾರ್ಷಿಕ ಹಬ್ಬ, ಕ್ರಿಸ್ತಜಯಂತಿ, ಶಾಲೆಯ ವಾರ್ಷಿಕೋತ್ಸವ ಇವೇ ಅವರ ರಂಗಕಾಲ. ಶಾಲೆಯ ಬೆಂಚುಗಳನ್ನು ಜೋಡಿಸಿದರೆ ವೇದಿಕೆ. ಮನೆಮನೆಯ ಸೀರೆಗಳನ್ನು ಹೊಲಿದರೆ ತೆರೆ.

ಇಪ್ಪತ್ತನೆಯ ಶತಮಾನದ ಮಧ್ಯಭಾಗದ ನಂತರ ತಿರುವಾಂಕೂರಿನ ಕಡೆಯಿಂದ ಬಂದ ಸಿರಿಯನ್ ಕ್ರೈಸ್ತ ಕುಟುಂಬಗಳು ಕಡಬ, ನೂಜಿಬಾಳ್ತಿಲ, ಇಚ್ಲಂಪಾಡಿ, ನೆಟ್ಟಣ ಮುಂತಾದ ಕಡೆಗಳಲ್ಲಿ ಗುಡ್ಡ ಕಡಿದು ನೆಲೆಸಿದವು. ಅವರೊಡನೆ ಮಾರ್ಗಂಕಳಿ ಬಂತು. ನಡುವಿನ ದೀಪವೇ ಕ್ರಿಸ್ತ, ಸುತ್ತಲೂ ಹಾಡಿ ಕುಣಿಯುವ ಹನ್ನೆರಡು ಮಂದಿಯೇ ಪ್ರೇಷಿತರು; ಸಂತ ತೋಮಸರ ಭಾರತಯಾತ್ರೆಯೇ ಅದರ ಕಥೆ. ಗುರಾಣಿ ಖಡ್ಗಗಳ ಪರಿಚಮುಟ್ಟುಕಳಿಯೂ ಅವರ ಪರಂಪರೆಯದು. ಕೇರಳ ಕರಾವಳಿಯ ಲ್ಯಾಟಿನ್ ಕ್ರೈಸ್ತರಲ್ಲಿ ಪೋರ್ಚುಗೀಸರ ಕಾಲದಲ್ಲಿ ಬೆಳೆದ ಚವಿಟ್ಟುನಾಟಕವಂತೂ ಮರದ ವೇದಿಕೆಯನ್ನು ಕಾಲಿನಿಂದ ಗುದ್ದಿ ನುಡಿಸುವ ಒಂದು ವಿಶಿಷ್ಟ ಕಲೆ. ಬೆಳ್ತಂಗಡಿ ಧರ್ಮಪ್ರಾಂತ್ಯ 1999ರಲ್ಲಿಯೂ ಮಲಂಕರ ಸಭೆಯ ಪುತ್ತೂರು ಧರ್ಮಪ್ರಾಂತ್ಯ 2010ರಲ್ಲಿಯೂ ರೂಪುಗೊಂಡವು. ಅದಕ್ಕೆ ಎಷ್ಟೋ ವರ್ಷಗಳ ಮೊದಲೇ ಈ ಕುಟುಂಬಗಳು ಗುಡ್ಡದ ನಡುವಣ ಸಣ್ಣ ಇಗರ್ಜಿಗಳ ಅಂಗಳದಲ್ಲಿ ತಮ್ಮ ಆಟಕೂಟವನ್ನು ಕಟ್ಟಿಕೊಂಡಿದ್ದವು. ಅಪರಿಚಿತ ಕಾಡಿನಲ್ಲಿ ಊರನ್ನು ನೆನಪಿಸಿಕೊಳ್ಳಲು ಅವರಿಗಿದ್ದ ದಾರಿಗಳಲ್ಲಿ ಹಬ್ಬದ ರಾತ್ರಿಯೂ ಒಂದಾಗಿತ್ತು.

ನೆರೆಯವರಿಗೂ ನಮಗೂ ನಡುವೆ ಸೇತುವೆಯಾದದ್ದು ಶಾಲೆಗಳು. ಮೊನ್ಸಿಜ್ಞೋರ್ ಆಂಟನಿ ಪತ್ರಾವೊ ಅವರು ಪುತ್ತೂರಿನಲ್ಲಿ 1958ರಲ್ಲಿ ಸಂತ ಫಿಲೋಮಿನಾ ಕಾಲೇಜನ್ನು ಆರಂಭಿಸಿದರು. ನೂಜಿಬಾಳ್ತಿಲದಲ್ಲಿ ಬೆಥನಿ ಗುರುಗಳ ವಿದ್ಯಾಸಂಸ್ಥೆಗಳು ಬಂದವು. ಇಂಥ ಶಾಲೆ ಕಾಲೇಜುಗಳ ವಾರ್ಷಿಕೋತ್ಸವದಲ್ಲಿ ಗೋದಲಿಯ ದೃಶ್ಯದಲ್ಲಿ ಕುರುಬನಾದವನು ಹಿಂದೂ ಬಾಲಕನಾಗಿರಬಹುದು, ಯಕ್ಷಗಾನದ ವೇಷ ಕಟ್ಟಿದವನು ಕ್ರೈಸ್ತ ಬಾಲಕನಾಗಿರಬಹುದು, ಸೈನಿಕನಾದವನು ಮುಸ್ಲಿಂ ಬಾಲಕನಾಗಿರಬಹುದು. ಎದುರಿನ ಬೆಂಚುಗಳಲ್ಲಿ ಮೂವರ ತಾಯಂದಿರೂ ಒಟ್ಟಿಗೆ ಕುಳಿತು ತಮ್ಮ ತಮ್ಮ ಮಕ್ಕಳನ್ನು ಹುಡುಕಿದರು.

ಕಥೆಗಳೂ ಸೇತುವೆ ದಾಟಿದವು. ಬಾಸೆಲ್ ಮಿಶನ್ನಿನ ಫರ್ಡಿನೆಂಡ್ ಕಿಟೆಲರು 1862ರಲ್ಲಿಯೇ ‘ಕಥಾಮಾಲೆ’ಯ ಮೂಲಕ ಯೇಸುವಿನ ಬಾಳನ್ನು ಕನ್ನಡದ ಛಂದಸ್ಸಿಗೆ ತಂದಿದ್ದರು. ಮುಂದೆ ಯೇಸುಕ್ರಿಸ್ತರ ಜೀವನವು ಯಕ್ಷಗಾನ ಪ್ರಸಂಗವಾಗಿಯೂ ರಚನೆಗೊಂಡು ರಂಗವೇರಿತು. ಚೆಂಡೆಯ ಪೆಟ್ಟಿಗೆ ಯೆರೂಸಲೇಮಿನ ಕಥೆ ಕುಣಿದಾಗ ಯಾರ ನಂಬಿಕೆಯೂ ಕುಗ್ಗಲಿಲ್ಲ.

ಮನೆಯೇ ರಂಗವಾದಾಗ

ಸುಳ್ಯದ ಹಳೆಗೇಟಿನಲ್ಲಿರುವ ‘ರಂಗಮನೆ’ಯನ್ನು ನೋಡದೆ ಈ ಕಥೆ ಮುಗಿಯುವುದಿಲ್ಲ. ಯಕ್ಷಗಾನ ಕಲಾವಿದರಾದ ಸುಜನಾ ಸುಳ್ಯ ಅವರ ಪುತ್ರ, ಹೆಗ್ಗೋಡಿನ ನೀನಾಸಂನಲ್ಲಿ ತರಬೇತಿ ಪಡೆದ ನಿರ್ದೇಶಕ ಜೀವನ್‌ರಾಂ ಸುಳ್ಯ ಅವರು ವಾಸದ ಮನೆಯನ್ನೇ ರಂಗಕೇಂದ್ರವಾಗಿ ಬೆಳೆಸಿದ್ದಾರೆ. ನಾಟಕ, ಯಕ್ಷಗಾನ, ರಜೆಯ ದಿನಗಳ ಮಕ್ಕಳ ಶಿಬಿರ ಎಲ್ಲಕ್ಕೂ ಅಲ್ಲಿ ಎಡೆಯಿದೆ. ಅಡುಗೆಯ ಮನೆಗೂ ವೇದಿಕೆಗೂ ಒಂದೇ ಸೂರು. ಪುತ್ತೂರಿನ ಪುರಭವನ, ಜಾತ್ರೆಯ ಗದ್ದೆಯ ಬಳಿಯ ನಟರಾಜ ವೇದಿಕೆ, ಕಲ್ಲುಗುಂಡಿಯಲ್ಲಿ ನಡೆಯುವ ಸಂಪಾಜೆ ಯಕ್ಷೋತ್ಸವ, ಬೊಳುವಾರಿನ ಆಂಜನೇಯ ಯಕ್ಷಗಾನ ಕಲಾಸಂಘದ ಕೂಟಗಳು, ಕುದ್ಕಾಡಿ ವಿಶ್ವನಾಥ ರೈ ಅವರಂಥ ನೃತ್ಯಗುರುಗಳ ಶಿಷ್ಯವರ್ಗ ಇವೆಲ್ಲ ಸೇರಿ ಇಂದಿನ ರಂಗಚಿತ್ರವಾಗಿದೆ. ಇನ್ನು ಸುಗ್ಗಿಯ ತಿಂಗಳಲ್ಲಿ ಗೌಡ ಸಮುದಾಯದವರ ಸಿದ್ಧವೇಷವೂ, ಮಳೆಗಾಲದ ಸಂಜೆ ಒಂದೆರಡು ವೇಷದೊಡನೆ ಬರುವ ಚಿಕ್ಕಮೇಳವೂ ಮನೆಯ ಅಂಗಳವನ್ನೇ ಕ್ಷಣಕಾಲ ರಂಗಸ್ಥಳವಾಗಿಸುತ್ತವೆ. ಪ್ರೇಕ್ಷಕನು ರಂಗವನ್ನು ಹುಡುಕಿಕೊಂಡು ಹೋಗದಿದ್ದರೆ ರಂಗವೇ ಅವನ ಮನೆಬಾಗಿಲಿಗೆ ಬರುತ್ತದೆ.

ಹಾಗಾದರೆ ಕೊರತೆ ಏನು? ಕಟ್ಟಡಗಳಿಗೆ ಇಂದು ಕೊರತೆಯಿಲ್ಲ. ಪ್ರತಿ ಸಮುದಾಯಕ್ಕೂ ಒಂದೊಂದು ಸಭಾಭವನವಿದೆ. ನಮ್ಮ ಧರ್ಮಕೇಂದ್ರಗಳ ಭವನಗಳೂ ಹಿಂದಿಗಿಂತ ವಿಶಾಲವಾಗಿವೆ. ಕೊರತೆಯಿರುವುದು ಅಲ್ಲಿಯೇ: ಪ್ರತಿಯೊಬ್ಬರಿಗೂ ತಮ್ಮದೇ ಭವನ ಸಿಕ್ಕಿದ ಮೇಲೆ, ಇನ್ನೊಬ್ಬರ ಅಂಗಳಕ್ಕೆ ಹೋಗುವ ಕಾರಣ ಕಡಿಮೆಯಾಯಿತು. ಇಡೀ ರಾತ್ರಿಯ ಆಟವು ಹಲವು ಮೇಳಗಳಲ್ಲಿ ಮಧ್ಯರಾತ್ರಿಯೊಳಗೆ ಮುಗಿಯುವ ಕಾಲಮಿತಿಯ ಆಟವಾಗಿದೆ. ಇದು ಕಲಾವಿದರ ಆರೋಗ್ಯಕ್ಕೂ ದುಡಿಯುವವರ ಅನುಕೂಲಕ್ಕೂ ಒಳ್ಳೆಯದೇ. ಆದರೆ ರಾತ್ರಿಯ ನಡುವೆ ಚಳಿಗೆ ಒಂದೇ ಕಂಬಳಿ ಹೊದ್ದು, ಬೆಳಗಿನ ಜಾವ ಒಟ್ಟಿಗೆ ದಾರಿ ನಡೆದು ಮನೆ ಸೇರುವ ಸಂಬಂಧವು ಕಾಲಮಿತಿಯೊಳಗೆ ಕೂಡುವುದಿಲ್ಲ.

2020ರ ಮಾರ್ಚ್‌ನಲ್ಲಿ ಮೇಳಗಳು ಪತ್ತನಾಜೆಗೂ ಕಾಯದೆ ಗೆಜ್ಜೆ ಬಿಚ್ಚಿದವು. ಅದೇ ದಿನಗಳಲ್ಲಿ ನಮ್ಮ ಪವಿತ್ರ ವಾರವೂ ಜನರಿಲ್ಲದ ಇಗರ್ಜಿಗಳಲ್ಲಿ ಕಳೆಯಿತು. ಮೊಬೈಲಿನ ಪರದೆಯಲ್ಲಿ ಬಲಿಪೂಜೆಯನ್ನೂ ನೋಡಿದೆವು, ಯಕ್ಷಗಾನವನ್ನೂ ನೋಡಿದೆವು. ಎರಡರಲ್ಲಿಯೂ ಏನೋ ಇರಲಿಲ್ಲ ಎಂದು ಎಲ್ಲರಿಗೂ ಅನಿಸಿತು. ಆಟವಿತ್ತು, ಕೂಟವಿರಲಿಲ್ಲ. ಮಾರಿ ಹೋಯಿತು, ಜನರು ಮತ್ತೆ ಕೂಡಿದರು. ಆದರೆ 2022ರಲ್ಲಿ ಕರಾವಳಿಯ ಹಲವು ಜಾತ್ರೆಗಳಲ್ಲಿ ಯಾವ ಮತದವರು ಅಂಗಡಿ ಇಡಬಹುದು, ಯಾವ ಮತದವರು ಇಡಬಾರದು ಎಂಬ ವಿವಾದವೆದ್ದಿತು. ಆಟದ ಗದ್ದೆಯ ಅಂಚಿನಲ್ಲಿ ಚುರುಮುರಿ, ನೆಲಗಡಲೆ, ಚಹಾ ಮಾರುತ್ತಿದ್ದವನೂ ಆ ಕೂಟದ ಒಬ್ಬ ಸದಸ್ಯನೇ. ಅವನ ಮತವನ್ನು ಕೇಳುವ ಕಾಲ ಬಂದರೆ ಗದ್ದೆಯ ಹುಣಿ ಮತ್ತೆ ಎತ್ತರವಾಯಿತೆಂದೇ ತಿಳಿಯಬೇಕು. ಹಿಂದೆ ಜಾತಿಯ ಹುಣಿಯಿತ್ತು. ಹೊಸ ಹುಣಿಗೆ ಬೇರೆ ಹೆಸರು, ಅಷ್ಟೇ.

ಈ ಮಾತನ್ನು ನಾವು ಇತರರ ಕಡೆಗೆ ಬೆರಳು ತೋರಿಸಲು ಬಳಸುವುದು ಸಲ್ಲದು. ನಮ್ಮ ಹಬ್ಬದ ರಾತ್ರಿಯ ಕಾರ್ಯಕ್ರಮಕ್ಕೆ ನೆರೆಯ ಹಿಂದೂ, ಮುಸ್ಲಿಂ ಕುಟುಂಬಗಳನ್ನು ಕಳೆದ ಬಾರಿ ಕರೆದದ್ದು ಯಾವಾಗ? ಕರೆದರೂ ಅವರಿಗೆ ತಿಳಿಯುವ ಭಾಷೆಯಲ್ಲಿ ಒಂದು ಕಿರುನಾಟಕವಾದರೂ ಅಲ್ಲಿತ್ತೆ? ಊರಿನ ಆಟಕ್ಕೆ, ತಾಳಮದ್ದಳೆಗೆ, ಶಾಲೆಯ ಮಕ್ಕಳ ನಾಟಕಕ್ಕೆ ನಮ್ಮ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆಯೆ? ನಮ್ಮ ಭವನಗಳು ಮದುವೆಯ ಬಾಡಿಗೆಗೆ ಮಾತ್ರ ತೆರೆದಿವೆಯೋ, ಊರಿನ ಒಂದು ಒಳ್ಳೆಯ ನಾಟಕಕ್ಕೂ ತೆರೆದಿವೆಯೋ? ಧರ್ಮಕೇಂದ್ರದ ಪಾಲನಾ ಸಮಿತಿಯ ಮುಂದಿನ ಸಭೆಯಲ್ಲಿ ಈ ಪ್ರಶ್ನೆಗಳನ್ನು ಇಟ್ಟರೆ ಖರ್ಚೇನೂ ಆಗುವುದಿಲ್ಲ. ವರ್ಷಕ್ಕೊಂದು ಸಂಜೆಯನ್ನಾದರೂ ಊರಿನ ಎಲ್ಲರಿಗಾಗಿ ಮೀಸಲಿಡುವುದು ಅಸಾಧ್ಯವಲ್ಲ.

ಪ್ರಭು ಯೇಸುವಿಗೆ ಸಭಾಭವನವಿರಲಿಲ್ಲ. ಗಲಿಲೇಯ ಸರೋವರದಲ್ಲಿ ದೋಣಿಯನ್ನು ದಡದಿಂದ ಸ್ವಲ್ಪ ದೂರ ಸರಿಸಿ, ಅದರಲ್ಲಿ ಕುಳಿತು, ಬಿತ್ತುವವನ ಕಥೆಯನ್ನು ಹೇಳಿದರು. ಬೆಸ್ತರು, ರೈತರು, ಕೂಲಿಯವರು, ತಾಯಂದಿರು, ಸಂಶಯದಿಂದ ಬಂದವರು ಎಲ್ಲರೂ ಅದೇ ದಡದಲ್ಲಿ ನಿಂತು ಕೇಳಿದರು. ಯಾರಿಗೆ ಯಾವ ಸ್ಥಳವೆಂದು ಅಲ್ಲಿ ಯಾರೂ ಗೆರೆ ಎಳೆಯಲಿಲ್ಲ. ಗದ್ದೆಗಳು ತೋಟವಾದರೂ ಅಂಥ ದಡಗಳನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ಮುಂದಿನ ಹಬ್ಬದ ಸಂಜೆ ಇಗರ್ಜಿಯ ವಠಾರದಲ್ಲಿ ಚಾಪೆ ಹಾಸುವಾಗ, ನೆರೆಯವರಿಗಾಗಿ ಇನ್ನೊಂದು ಚಾಪೆಯನ್ನು ಹೆಚ್ಚಾಗಿ ಹಾಸೋಣ.